ಡಿಸೆಂಬರ್ ೩೩ನೆಯ ತಾರೀಖು



ಡಿಸೆಂಬರ್ ತಿಂಗಳಿಗೆ ೩೩ನೆಯ ತಾರೀಖುಂಟೇ ಎಂದು ಯಾರಾದರೂ ಕೇಳಿದರೆ ನಾವು ನಗುವೆವಷ್ಟೆ. ಆದರೆ ನಿಂತುಹೋದ ಪತ್ರವ್ಯವಹಾರವೊಂದು ಅಂತಹ ತಾರೀಖಿನ ಆಸರೆಯಿಂದಲೇ ಪುನಃ ನಡೆಯುವಂತಾಯಿತು. ಆ ಸಂಗತಿಯನ್ನು ಈ ಬಾರಿ ತಮ್ಮ ಮುಂದಿಡುತ್ತೇವೆ.

೨೦೨೨ನೆಯ ಇಸವಿ ಜನವರಿ ೧ರಂದು, ಮೈಕ್ರೊಸಾಫ್ಟ್ ಕಂಪನಿಯ ಎಕ್ಸ್‌ಚೇಂಜ್ ೨೦೧೬ ಮತ್ತು ೨೦೧೯ ಎಂಬ ಇ-ಮೇಲ್ ಸರ್ವರ್‌ಗಳನ್ನು ತಮ್ಮಲ್ಲಿಯೇ ಇರಿಸಿಕೊಂಡಿದ್ದ ನಾನಾ ದೇಶಗಳ ಸಂಸ್ಥೆಗಳಲ್ಲಿ ಪತ್ರಗಳು ಮುಂದೆ ಸಾಗದೆ ಸಾಲುಗಟ್ಟಿ ನಿಂತುವು. ಹೊಸ ವರ್ಷದ ದಿನವಾದರೂ ಅವುಗಳ ಉಸ್ತುವಾರಿ ಹೊತ್ತವರಿಗೆ ಬಿಡುವಿಲ್ಲದಂತಾಯಿತು.

ಕಾರಣವಿಷ್ಟೆ. ಪತ್ರಗಳಲ್ಲಿ ಕೇಡಿನ ತಂತ್ರಾಂಶವೇನಾದರೂ ಅಡಗಿದೆಯೇ ಎಂದು ಶೋಧಿಸುವ ಕಾವಲುಗಾರನಂತಹ ಭಾಗವೊಂದು ಆ ಸರ್ವರಿನಲ್ಲಿರುವುದು. ಅದಕ್ಕೆ ಆಗಾಗ್ಗೆ ಅಪ್‌ಡೇಟ್ ತಾನಾಗಿಯೇ ಬರುತ್ತಿದ್ದಿತು. ಪ್ರತಿಯೊಂದು ಅಪ್‌ಡೇಟಿಗೂ ಆಗ ತಾರೀಖಿನಿಂದ ಕಟ್ಟಿದ ಸಂಖ್ಯೆಯೊಂದಿದ್ದಿತು. ಅಂದಿನದು ೨೨೦೧೦೧೦೦೦೧, ಅಂದರೆ ಇಸವಿ ೨೨, ತಿಂಗಳು ೦೧, ದಿನ ೦೧, ಕ್ರಮಾಂಕ ೦೦೦೧. ಆದರೆ ಆ ಸಂಖ್ಯೆಯನ್ನು ತುಂಬಿಡುವ ೩೨ ಬಿಟ್‌ಗಳ ಪಾತ್ರೆಯಲ್ಲಿ ೨೧೪೭೪೮೩೬೪೭ಕ್ಕಿಂತ ದೊಡ್ಡದು ಹಿಡಿಸದು. ಪಾವಿನಲ್ಲಿ ಸೇರಕ್ಕಿ ಹಿಡಿಯುವುದುಂಟೇ? ಕಾವಲುಗಾರನು ಕುಸಿದನು, ಶೋಧನೆಯಾಗದ ಪತ್ರಗಳು ಬಾಗಿಲಲ್ಲೇ ಉಳಿದುವು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಪತ್ರಗಳು ನಿಂತಿದ್ದುವೇ ಹೊರತು ನಾಶವಾಗಿರಲಿಲ್ಲ. ಗಾಬರಿಯಿಂದ ಸರ್ವರನ್ನೇ ಅಳಿಸಿ ಹೊಸದಾಗಿ ಕಟ್ಟಹೊರಟವನು ಇದ್ದುದನ್ನೂ ಕಳೆದುಕೊಂಡಾನು. ಲಾಗ್ ಎಂಬ ದಿನಚರಿಯನ್ನು ಮೊದಲು ಓದಿದವನಿಗಾದರೋ, ಸಂಖ್ಯೆಯು ಹಿಡಿಸದೆಂಬ ದೂರು ಅಲ್ಲಿಯೇ ಕಾಣುತ್ತಿದ್ದಿತು.

ತತ್ಕಾಲಕ್ಕೆ ಶೋಧನೆಯನ್ನು ನಿಲ್ಲಿಸಿದರೆ ಪತ್ರಗಳು ಹರಿಯುತ್ತಿದ್ದುವು. ಆದರೆ ಬಾಗಿಲಿಗೆ ಕಾವಲಿಲ್ಲದಂತಾಗುವುದು. ಬೇರೆ ಕಾವಲಿದ್ದವರಿಗೆ ಮಾತ್ರ ಅದು ಕ್ಷೇಮ. ಅನಂತರ ಕಂಪನಿಯವರು ಸರಿಯಾದ ಉಪಾಯವನ್ನು ಕಳುಹಿದರು: ಹಳೆಯ ಕಡತಗಳನ್ನು ತೆಗೆದು ಹೊಸತನ್ನು ಇಳಿಸುವುದು. ಆ ಹೊಸತಿನ ಸಂಖ್ಯೆ ೨೧೧೨೩೩೦೦೦೧. ಇದೇ ನಮ್ಮ ಡಿಸೆಂಬರ್ ೩೩! ಪಂಚಾಂಗಕ್ಕೆ ಒಗ್ಗದಿದ್ದರೂ ಪಾತ್ರೆಗೆ ಹಿಡಿಸಿತು.

ಆದಕಾರಣ ಬದಲಾವಣೆಗೆ ಮೊದಲು ಪ್ರತಿಯೊಂದನ್ನು ತೆಗೆದಿಡಬೇಕು. ಕೆಟ್ಟಾಗ ಮೊದಲು ದಿನಚರಿಯನ್ನು ಓದಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತತ್ಕಾಲಕ್ಕೆ ತೆರೆದ ಬಾಗಿಲನ್ನು ಮರೆಯದೆ ಮುಚ್ಚಬೇಕು.

ಇಂತಹ ಉದ್ಯೋಗದಲ್ಲಿರುವ ಮಕ್ಕಳು, ಸೊಸೆಯಂದಿರು ಇಂದು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಹಬ್ಬದ ದಿನ ಕರೆ ಬಂದು ಅವರು ಎಲೆಯ ಮುಂದಿನಿಂದ ಎದ್ದುಹೋದರೆ, ತಾಯಂದಿರೇ, ಗದರಬೇಡಿರಿ. ಎಲ್ಲಿಯೋ ಯಾರದೋ ಪತ್ರ ಬಾಗಿಲಲ್ಲಿ ನಿಂತಿರಬಹುದು. ಅನ್ನವನ್ನು ಮುಚ್ಚಿಡಿರಿ, ಬಂದು ಉಣ್ಣುವರು.