ಉನ್ನತ ವ್ಯಾಸಂಗ ಶುಶ್ರೂಷಕರನ್ನು ರೋಗಿಯಿಂದ ದೂರ ಒಯ್ಯದಿರಲಿ

ನಮ್ಮ ದೇಶದ ಶುಶ್ರೂಷಾ ಶಿಕ್ಷಣದ ಇತಿಹಾಸದಲ್ಲಿ 2023 ಗಮನಾರ್ಹವಾದ ವರ್ಷ. 2014ರಿಂದೀಚೆಗೆ ಆರಂಭವಾದ ವೈದ್ಯಕೀಯ ಕಾಲೇಜುಗಳ ಜೊತೆಯಲ್ಲಿಯೇ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ಸ್ಥಾಪಿಸುವುದಾಗಿ ಆ ವರ್ಷದ ಕೇಂದ್ರ ಮುಂಗಡಪತ್ರ ಘೋಷಿಸಿತು. ಅದೇ ವರ್ಷ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿ, 1947ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಗೆ ಅವಕಾಶ ಮಾಡಿಕೊಟ್ಟಿತು. ಇವೆರಡೂ ಸ್ವಾಗತಾರ್ಹ ಹೆಜ್ಜೆಗಳೇ. ಆದರೆ ಕಾಲೇಜುಗಳ ಸಂಖ್ಯೆಯ ಚರ್ಚೆಯಲ್ಲಿ ಹಿಂದೆ ಸರಿದಿರುವ ಒಂದು ಪ್ರಶ್ನೆಯನ್ನು ನಾವು ಇಲ್ಲಿ ಎತ್ತಬಯಸುತ್ತೇವೆ. ಈಗಾಗಲೇ ನೋಂದಣಿ ಪಡೆದು ಸೇವೆಯಲ್ಲಿರುವ ಶುಶ್ರೂಷಕಿಯೊಬ್ಬಳು ಇನ್ನೂ ಹೆಚ್ಚು ಓದಿದರೆ, ಆ ಓದು ಆಕೆಯನ್ನು ಎಲ್ಲಿಗೆ ಕರೆದೊಯ್ಯುತ್ತದೆ?

ಮೊದಲು ದಾರಿಯ ಉದ್ದವನ್ನು ನೋಡೋಣ. ಸ್ನಾತಕೋತ್ತರ ಪದವಿಯಾದ ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷಗಳ ವ್ಯಾಸಂಗ. ಅದಕ್ಕೆ ಸೇರಲು ಬಿ.ಎಸ್ಸಿ. ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ, ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ, ನೋಂದಣಿ ಹಾಗೂ ಕನಿಷ್ಠ ಒಂದು ವರ್ಷದ ಸೇವಾನುಭವ ಬೇಕು. ಬಿ.ಎಸ್ಸಿ. ನಾಲ್ಕು ವರ್ಷಗಳದು. ಜಿ.ಎನ್.ಎಂ. ಡಿಪ್ಲೊಮಾ ಓದಿದವರು ಆ ಮೂರು ವರ್ಷಗಳ ಮೇಲೆ ಎರಡು ವರ್ಷ ಪೋಸ್ಟ್ ಬೇಸಿಕ್ ಪದವಿ ಓದಬೇಕು. ಸೇವಾನುಭವವನ್ನೂ ಸೇರಿಸಿದರೆ ಮೊದಲನೆಯವರಿಗೆ ಏಳು, ಎರಡನೆಯವರಿಗೆ ಎಂಟು ವರ್ಷಗಳ ಹಾದಿ ಇದು. ಹಳ್ಳಿಯ ರೈತ ಕುಟುಂಬದಿಂದ ಬಂದು, ಶಿಕ್ಷಣ ಸಾಲ ತೀರಿಸುತ್ತ, ತಮ್ಮ ತಂಗಿಯರ ಓದಿಗೂ ನೆರವಾಗುತ್ತಿರುವ ಹೆಣ್ಣುಮಗಳಿಗೆ ಎರಡು ವರ್ಷ ಸಂಬಳ ಬಿಟ್ಟು ಓದುವುದೆಂದರೆ ಅದು ಸಣ್ಣ ನಿರ್ಧಾರವಲ್ಲ.

ಇಷ್ಟು ಕಷ್ಟಪಟ್ಟು ಪಡೆದ ಪದವಿಯ ಫಲವೇನು? ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಶುಶ್ರೂಷೆ, ಮಕ್ಕಳ ಆರೋಗ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ಐದು ವಿಭಾಗಗಳಲ್ಲಿ ಪರಿಣತಿ ದೊರೆಯುತ್ತದೆ. ಆದರೆ ಆ ಪರಿಣತಿಯನ್ನು ವಾರ್ಡಿನಲ್ಲಿ ಬಳಸುವ ಹುದ್ದೆಗಳು ನಮ್ಮಲ್ಲಿ ವಿರಳ. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಿಂದ ಹಿರಿಯ ಶುಶ್ರೂಷಾಧಿಕಾರಿ, ಅಲ್ಲಿಂದ ಅಧೀಕ್ಷಕಿ ಎಂಬ ಏಣಿಯನ್ನು ಹತ್ತಿಸುವುದು ಮುಖ್ಯವಾಗಿ ಸೇವಾ ಹಿರಿತನವೇ. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಾದರೋ ಎಂ.ಎಸ್ಸಿ. ಅನಿವಾರ್ಯ. ಹೀಗಾಗಿ ಹೆಚ್ಚು ಓದಿದವರು ಸಹಜವಾಗಿಯೇ ತರಗತಿಯ ಕೋಣೆಗೆ ಹೋಗುತ್ತಾರೆ. ಹೊಸ ಕಾಲೇಜುಗಳು ತೆರೆದಷ್ಟೂ ಈ ಸೆಳೆತ ಹೆಚ್ಚುತ್ತದೆ. ರೋಗಿಯ ಹಾಸಿಗೆಯ ಬಳಿ ಉಳಿಯುವವರು ಇನ್ನೂ ಓದಲಾಗದವರು, ಇಲ್ಲವೆ ಆಗತಾನೆ ಓದಿ ಬಂದವರು.

ಅಧ್ಯಾಪನ ಕೀಳೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಬೋಧಕರಿಲ್ಲದೆ ಒಳ್ಳೆಯ ಶುಶ್ರೂಷಕರು ತಯಾರಾಗಲಾರರು. ಆದರೆ ವೈದ್ಯರ ಲೋಕದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು ಬೆಳಿಗ್ಗೆ ಪಾಠ ಹೇಳಿ, ಅದೇ ದಿನ ವಾರ್ಡಿನಲ್ಲಿ ರೋಗಿಗಳನ್ನು ನೋಡುತ್ತಾರೆ; ಕಲಿಸುವವರೂ ಚಿಕಿತ್ಸೆಯ ಹೊಣೆ ಹೊತ್ತವರೂ ಅವರೇ. ನರ್ಸಿಂಗ್‌ನಲ್ಲಿ ಕಾಲೇಜು ಬೇರೆ, ಆಸ್ಪತ್ರೆ ಬೇರೆ. ಬೋಧಕಿ ವಿದ್ಯಾರ್ಥಿಗಳೊಡನೆ ವಾರ್ಡಿಗೆ ಬಂದರೂ ಅಲ್ಲಿನ ಶುಶ್ರೂಷಾ ಪದ್ಧತಿಯನ್ನು ತಿದ್ದುವ ಅಧಿಕಾರ ಸಾಮಾನ್ಯವಾಗಿ ಆಕೆಗಿರುವುದಿಲ್ಲ. ಈ ಗೋಡೆ ಅನಿವಾರ್ಯವೇನಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶುಶ್ರೂಷಾ ಬೋಧಕರಿಗೆ ಆಸ್ಪತ್ರೆಯ ಸೇವೆಯ ಹೊಣೆಯೂ ಇರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ.

ಇನ್ನೊಂದು ಪ್ರಯತ್ನವನ್ನೂ ಇಲ್ಲಿ ನೆನೆಯಬೇಕು. ತೀವ್ರ ನಿಗಾ ಘಟಕಗಳಿಗಾಗಿ ಭಾರತೀಯ ಶುಶ್ರೂಷಾ ಪರಿಷತ್ತು ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ರೂಪಿಸಿದೆ. ಇದರ ಬಹುಪಾಲು ಕಲಿಕೆ ಪುಸ್ತಕದಲ್ಲಲ್ಲ, ರೋಗಿಯ ಬಳಿಯಲ್ಲಿ. ಆಶಯ ಉತ್ತಮವಾದದ್ದು. ಆದರೆ ಪದವಿಗೆ ತಕ್ಕ ಹುದ್ದೆ, ಹುದ್ದೆಗೆ ತಕ್ಕ ಅಧಿಕಾರ ಮತ್ತು ವೇತನ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಸೇರದಿದ್ದರೆ ಅದೂ ಗೋಡೆಯ ಮೇಲಿನ ಪ್ರಮಾಣಪತ್ರವಾಗಿ ಉಳಿಯುತ್ತದೆ.

ವೇತನದ ಮಾತು ಬಂದಾಗ 2016ರ ಬೆಳವಣಿಗೆಯನ್ನು ಮರೆಯುವಂತಿಲ್ಲ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ದುಸ್ಥಿತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ಶುಶ್ರೂಷಕರಿಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದ ಸಂಬಳ ನೀಡಬೇಕೆಂದು ಸಮಿತಿ ಶಿಫಾರಸು ಮಾಡಿತು. ಮೂಲ ವೇತನವೇ ನ್ಯಾಯಸಮ್ಮತವಾಗಿರದ ಕಡೆ ಉನ್ನತ ವ್ಯಾಸಂಗಕ್ಕೆ ಪ್ರತ್ಯೇಕ ವೇತನ ಬಡ್ತಿಯನ್ನು ನಿರೀಕ್ಷಿಸುವುದಾದರೂ ಹೇಗೆ? ಅಂಥ ಸ್ಥಿತಿಯಲ್ಲಿ ಓದಿದವರು ಪರದೇಶದ ಕಡೆ ಮುಖ ಮಾಡಿದರೆ ಅವರನ್ನು ದೂರುವುದು ನ್ಯಾಯವಲ್ಲ.

ಶರಣರ ದೃಷ್ಟಿಯಲ್ಲಿ ಕಾಯಕಗಳಲ್ಲಿ ಮೇಲು ಕೀಳುಗಳಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತೂ ಅವರ ತತ್ತ್ವದಲ್ಲಿದೆ: ಅರಿವು ಆಚಾರವಾಗಿ ಮೂಡಬೇಕು, ಕ್ರಿಯೆಯಿಂದ ಅಗಲಿದ ಅರಿವು ಬರಡು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಯಕವನ್ನು ತೊರೆದು ಜ್ಞಾನಿಗಳಾಗಲಿಲ್ಲ. ಕಾಯಕದಲ್ಲಿ ನಿಂತೇ ಅನುಭಾವಿಗಳಾದರು. ರೋಗಿಯ ಮೈ ಒರೆಸುವ, ಗಾಯ ತೊಳೆಯುವ, ಅಪರಾತ್ರಿಯಲ್ಲಿ ಉಸಿರಾಟದ ಏರುಪೇರನ್ನು ಮೊದಲು ಗುರುತಿಸುವ ಕೈಗಳಿಗೆ ಅರಿವು ಹೆಚ್ಚಿದಷ್ಟೂ ಆ ಕಾಯಕ ಬಿಡಬೇಕಾಗುವುದು ಈ ತತ್ತ್ವಕ್ಕೆ ವಿರುದ್ಧವಾದ ವ್ಯವಸ್ಥೆ.

ಇದನ್ನು ಸರ್ಕಾರಕ್ಕೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಮೊದಲಾದ ನಮ್ಮ ಸಮಾಜದ ವಿದ್ಯಾಸಂಸ್ಥೆಗಳು ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ನಡೆಸುತ್ತಿವೆ. ಎರಡೂ ಒಂದೇ ಆಡಳಿತದಲ್ಲಿರುವಾಗ ಬೋಧನೆ ಮತ್ತು ಸೇವೆಯನ್ನು ಬೆಸೆಯುವುದು ಇಂತಹ ಸಂಸ್ಥೆಗಳಿಗೆ ಬೇರೆಯವರಿಗಿಂತ ಸುಲಭ. ಮಠಗಳು ಮತ್ತು ಸಮಾಜದ ಸಂಸ್ಥೆಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದೆಂದು ನಾವು ಭಾವಿಸುತ್ತೇವೆ. ಒಂದು, ಅರ್ಹ ಶುಶ್ರೂಷಕರನ್ನು ವೇತನಸಹಿತವಾಗಿ ವ್ಯಾಸಂಗಕ್ಕೆ ನಿಯೋಜಿಸಿ, ಪ್ರತಿಯಾಗಿ ನ್ಯಾಯವಾದ ಅವಧಿಯ ಸೇವೆಯನ್ನು ಮಾತ್ರ ಕೇಳುವುದು. ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ಕಟ್ಟಿಹಾಕದಿರುವುದು. ಎರಡು, ಎಂ.ಎಸ್ಸಿ. ಪಡೆದವರಿಗೆ ವಾರ್ಡಿನಲ್ಲಿಯೇ ತಜ್ಞ ಶುಶ್ರೂಷಕರ ಹುದ್ದೆ ಸೃಷ್ಟಿಸಿ, ಬೋಧಕರಿಗೆ ಸಮನಾದ ವೇತನ ಕೊಡುವುದು. ಮೂರು, ಬೋಧಕರಿಗೆ ವಾರದ ಕೆಲವು ದಿನಗಳಾದರೂ ಅಧಿಕಾರಸಹಿತವಾದ ವಾರ್ಡಿನ ಹೊಣೆ ವಹಿಸುವುದು.

ಉನ್ನತ ವ್ಯಾಸಂಗ ಬಯಸುವ ಸಹೋದರಿಯರಿಗೂ ಸಹೋದರರಿಗೂ ಒಂದು ಕಿವಿಮಾತು. ಪ್ರವೇಶ ಪಡೆಯುವ ಮುನ್ನ ಕಾಲೇಜಿನ ಮಾನ್ಯತೆ, ವಿಶ್ವವಿದ್ಯಾಲಯದ ಸಂಯೋಜನೆ, ಕಲಿಕೆಗೆ ಒದಗುವ ಆಸ್ಪತ್ರೆಯಲ್ಲಿ ರೋಗಿಗಳ ಸಂಖ್ಯೆ ಇವನ್ನು ಸ್ವತಃ ವಿಚಾರಿಸಿರಿ. ವಾರ್ಡಿಗೆ ಕಾಲಿಡದೆ ಪದವಿ ಕೊಡಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗದಿರಿ. ಮದುವೆಯಾಯಿತು, ವಯಸ್ಸು ಮೀರಿತು ಎಂಬ ಮಾತುಗಳಿಗೆ ಅಂಜಿ ಹಿಂಜರಿಯದಿರಿ. ಮನೆಯ ಹಿರಿಯರು ಮಗಳ ಓದಿಗೆ ಕೊಟ್ಟ ಒತ್ತಾಸೆಯನ್ನೇ ಸೊಸೆಯ ಓದಿಗೂ ಕೊಡಬೇಕು.

ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿ 1959ರಲ್ಲಿ ಸ್ನಾತಕೋತ್ತರ ಪದವಿ ವ್ಯಾಸಂಗ ಆರಂಭವಾಗಿ ಆರು ದಶಕಗಳು ಕಳೆದಿವೆ. ಇಷ್ಟು ಕಾಲ ಈ ಪದವಿ ಬೋಧಕರನ್ನು ಕೊಟ್ಟಿದೆ. ಇನ್ನು ಮುಂದೆ ರೋಗಿಗೂ ಅದರ ಪಾಲು ಸಲ್ಲಲಿ. ನಮ್ಮ ಸಂಸ್ಥೆಗಳು ಮುಂದಿನ ಶೈಕ್ಷಣಿಕ ವರ್ಷಕ್ಕೆ ಒಬ್ಬೊಬ್ಬ ಶುಶ್ರೂಷಕಿಯನ್ನಾದರೂ ವೇತನಸಹಿತ ವ್ಯಾಸಂಗಕ್ಕೆ ಕಳುಹಿಸಿ, ಮರಳಿ ಬಂದಾಗ ಆಕೆಗೆ ವಾರ್ಡಿನಲ್ಲಿಯೇ ಗೌರವದ ಸ್ಥಾನ ಕಾದಿರಿಸಿದರೆ, ಅದು ನಿಜವಾದ ದಾಸೋಹವೆನಿಸುತ್ತದೆ.