ಮನೆಗೆ ಬಂದ ಗೋಸುಂಬೆ

ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಸಾಗುವ ಹಾದಿಯಲ್ಲಿ ಗೋಸುಂಬೆಯೊಂದು ಡಾಂಬರು ರಸ್ತೆಯನ್ನು ದಾಟುತ್ತಿರುವ ದೃಶ್ಯ ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಹಿಂದೆ ಮುಂದೆ ತೂಗಾಡುತ್ತ ಹೆಜ್ಜೆಯಿಡುವ ಅದನ್ನು ಕಂಡು, ವಿಷಜಂತುವೆಂದು ಹೆದರಿದವರು ಕಲ್ಲೆತ್ತುತ್ತಾರೆ. ಕುತೂಹಲಿಗಳು ಕೋಲಿಗೆ ಹತ್ತಿಸಿಕೊಂಡು ಮನೆಗೆ ತರುತ್ತಾರೆ. ಮೊದಲಿನವರ ಭಯ ನಿರಾಧಾರವಾದುದು, ಗೋಸುಂಬೆಗೆ ವಿಷವಿಲ್ಲ. ಆದರೆ ಎರಡನೆಯವರ ಅಕ್ಕರೆಯೂ ಅನೇಕ ವೇಳೆ ಅದರ ಪ್ರಾಣಕ್ಕೇ ಎರವಾಗುತ್ತದೆ. ಕೆಲವು ವಾರಗಳು ಕಳೆದ ಮೇಲೆ ರಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ ಅದು ಕಣ್ಣು ಮುಚ್ಚಿ ಕುಳಿತಿರುವಾಗ, ‘ಏನಾಯಿತು ಇದಕ್ಕೆ?’ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹಿರಿಯರಿಗೂ ತಿಳಿದಿರುವುದಿಲ್ಲ.

ಬೇಲಿಯ ಮೇಲೆ ತಲೆದೂಗುತ್ತ ಸರ್ರನೆ ಓಡುವ ಓತಿಕ್ಯಾತವನ್ನೇ ಅನೇಕರು ಗೋಸುಂಬೆಯೆಂದು ಭಾವಿಸಿರುವುದರಿಂದ ಮೊದಲು ಗುರುತು ಹೇಳಬೇಕು. ನಿಜವಾದ ಗೋಸುಂಬೆಯ ಮೈ ಎಲೆಯಂತೆ ಚಪ್ಪಟೆ, ಬಾಲ ಸುರುಳಿ, ಪಾದಗಳು ಇಕ್ಕಳದಂತೆ. ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ಕುರುಚಲು ಕಾಡಿನ ಈ ಪ್ರಾಣಿಗೆ ಬೇವು, ಜಾಲಿಗಳ ಕೊಂಬೆಯೇ ಮನೆ.

ಕುಳಿತ ಜಾಗದ ಬಣ್ಣವನ್ನು ಅದು ತಳೆಯುತ್ತದೆಂಬುದು ಜನರ ನಂಬಿಕೆ. ಮಾತು ಬದಲಿಸುವ ಮನುಷ್ಯರನ್ನು ಗೋಸುಂಬೆಯೆಂದು ಬೈಯುವುದಕ್ಕೆ ಈ ನಂಬಿಕೆ ಅನುಕೂಲವೇ ಹೊರತು ಪ್ರಾಣಿಗೆ ನ್ಯಾಯವಲ್ಲ. ಬಿಸಿಲು, ಚಳಿ, ಭಯ, ಸಿಟ್ಟು ಇವುಗಳಿಂದಲೇ ಮುಖ್ಯವಾಗಿ ಬಣ್ಣ ಬದಲಾಗುವುದು. ಚರ್ಮದಲ್ಲಿರುವ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹೆಚ್ಚು ಕಡಿಮೆಯಾದಂತೆ ವರ್ಣವೂ ಮಾರ್ಪಡುವುದನ್ನು ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಗೋಸುಂಬೆಗಳಲ್ಲಿ ತೋರಿಸಿಕೊಟ್ಟರು. ರೋಗವನ್ನು ಅರಿಯುವುದಕ್ಕೂ ಬಣ್ಣವೇ ಮೊದಲ ಸುಳಿವು. ಮುಂಜಾನೆ ಮೈ ಕಾಯಿಸಿಕೊಳ್ಳಲು ಕಪ್ಪಾಗುವುದು ಸಹಜ. ದಿನವಿಡೀ ಕಪ್ಪಾಗಿಯೇ ಉಳಿದರೆ ಭಯವೋ ಬೇನೆಯೋ ಇರಬೇಕು. ಯಾದಗಿರಿಯ ನಲವತ್ತು ಡಿಗ್ರಿ ದಾಟುವ ಬೇಸಗೆಯಲ್ಲಿ ಮೈ ಬಿಳಿಚಿಕೊಂಡು ಬಾಯಿ ತೆರೆದಿದ್ದರೆ ಅದು ಸೆಕೆಯ ಬಾಧೆ; ತಡಮಾಡದೆ ನೆರಳಿಗೆ ಸರಿಸಬೇಕು. ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತ ಗೋಸುಂಬೆಯನ್ನು ‘ನಿದ್ರಿಸುತ್ತಿದೆ’ ಎಂದು ಬಗೆಯಬಾರದು. ಆರೋಗ್ಯವಂತ ಗೋಸುಂಬೆ ಹಗಲು ಮಲಗುವುದಿಲ್ಲ.

ಮನೆಗಳಲ್ಲಿ ಮೊದಲು ಕಾಡುವುದು ಬಾಯಾರಿಕೆ. ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸದು. ಎಲೆಯ ಮೇಲಿನ ಹನಿಯನ್ನು ನೆಕ್ಕುವುದೇ ಅದರ ವಾಡಿಕೆ. ತುಂಬಿದ ಬಟ್ಟಲಿನ ಪಕ್ಕದಲ್ಲಿಯೇ ಅದು ನೀರಡಿಸಿ ಸಾಯುವುದು ಹೀಗೆ. ಕಣ್ಣುಗುಡ್ಡೆ ಒಳಕ್ಕೆ ಇಳಿಯುವುದು, ಹಿಕ್ಕೆಯ ಬಿಳಿಯ ಭಾಗ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣ.

ಎರಡನೆಯದು ಮೂಳೆ ಮೆತ್ತಗಾಗುವ ರೋಗ. ಮಿಡತೆ, ಚಿಮ್ಮಂಡೆಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಇದ್ದ ಸುಣ್ಣವನ್ನಾದರೂ ಮೈಗೂಡಿಸಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಅದಕ್ಕೆ ನೇರ ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಪ್ರಯೋಜನಕ್ಕೆ ಬಾರದು. ಕಾಲು ಬಾಗುತ್ತದೆ, ದವಡೆ ಮೆದುವಾಗುತ್ತದೆ, ಕೊಂಬೆಯ ಹಿಡಿತ ಸಡಿಲುತ್ತದೆ. ಕೊನೆಗೆ ನಾಲಗೆಯನ್ನು ಚಾಚಲೂ ಶಕ್ತಿ ಸಾಲದೆ ಎದುರಿನ ಹುಳುವನ್ನು ನೋಡುತ್ತಲೇ ಹಸಿದಿರುತ್ತದೆ. ಹೊರದೇಶಗಳಲ್ಲಿ ಸಾಕಿದ ತಳಿಯ ಯೆಮನ್ ಗೋಸುಂಬೆಗಳನ್ನು ಕೊಂಡು ಸಾಕುವ ಕನ್ನಡ ಕುಟುಂಬಗಳೂ ಇದನ್ನು ನೆನಪಿಡಬೇಕು. ಅಲ್ಲಿ ಬಳಸುವ ಅತಿನೇರಳೆ ದೀಪ ಉರಿಯುತ್ತಿದ್ದರೂ ಕೆಲವು ತಿಂಗಳುಗಳಲ್ಲಿ ಅದರ ಕಿರಣಶಕ್ತಿ ಕುಂದುತ್ತದೆ.

ಗಾಳಿಯಾಡದ ತೇವದ ಪೆಟ್ಟಿಗೆಯಲ್ಲಿ ಶ್ವಾಸಕೋಶದ ಸೋಂಕು ತಗಲುವುದುಂಟು. ತಲೆಯನ್ನು ಮೇಲೆತ್ತಿ ಉಸಿರಿಗೆ ಪರದಾಡುವುದು, ಬಾಯಲ್ಲಿ ಗುಳ್ಳೆ ಕಾಣಿಸುವುದು ಅದರ ಚಿಹ್ನೆ. ತಂತಿಗೆ ಮೂತಿ ಉಜ್ಜಿ ಆದ ಗಾಯ ಬಾಯಿಹುಣ್ಣಾಗುತ್ತದೆ. ನಾರಾಯಣಪುರದ ಕಾಲುವೆ ನೀರು ಹರಿಯುವ ಗದ್ದೆಗಳಲ್ಲಿ, ಹತ್ತಿಯ ಹೊಲಗಳಲ್ಲಿ ಔಷಧಿ ಸಿಂಪಡಿಸಿದ ಮೇಲೆ ಹಿಡಿದ ಹುಳುಗಳನ್ನು ಅದಕ್ಕೆ ತಿನ್ನಿಸಿದರೆ ವಿಷವನ್ನೇ ಉಣಿಸಿದಂತೆ.

ಎಲ್ಲಕ್ಕಿಂತ ದಾರುಣವಾದುದು ಹೆಣ್ಣಿನ ಸಂಕಟ. ಮರದಿಂದ ಇಳಿಯಲು ಹಿಂಜರಿಯುವ ಗೋಸುಂಬೆ ನೆಲದಲ್ಲಿ ನಡೆಯುತ್ತಿದ್ದರೆ, ಅನೇಕ ವೇಳೆ ಅದು ಮೊಟ್ಟೆಯಿಡಲು ಮೆತ್ತನೆಯ ಮಣ್ಣನ್ನು ಹುಡುಕುತ್ತಿರುವ ತಾಯಿ. ಸುಲಭವಾಗಿ ಕೈಗೆ ಸಿಗುವುದೂ ಅದೇ. ಹೊಟ್ಟೆ ಉಬ್ಬಿದ್ದು, ಆಹಾರ ಬಿಟ್ಟು, ಪೆಟ್ಟಿಗೆಯ ತಳವನ್ನು ಕೆರೆಯುತ್ತಿದ್ದರೆ ಅದು ತಪ್ಪಿಸಿಕೊಳ್ಳುವ ಹಟವಲ್ಲ. ಕುಳಿ ತೋಡುವ ಪ್ರಯತ್ನ. ಮಣ್ಣು ದೊರೆಯದಿದ್ದರೆ ಮೊಟ್ಟೆಗಳು ಒಳಗೇ ಉಳಿದು ತಾಯಿ ಸಾಯುತ್ತದೆ. ಮನೆಯವರು ಅದಕ್ಕೆ ‘ತುಂಬ ತಿಂದು ದಪ್ಪಗಾಗಿದೆ’ ಎಂದು ಸಂತೋಷಪಟ್ಟಿರುತ್ತಾರೆ.

ಈ ಬೇನೆಗಳ ಮೂಲ ಬಹುಮಟ್ಟಿಗೆ ಸೆರೆವಾಸವೇ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದ್ದು, ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧವಾಗಿದೆ. ಗಾಯಗೊಂಡದ್ದು ಸಿಕ್ಕರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಂದು ಕೊಂಬೆಯಿಟ್ಟು, ನೆರಳಿನಲ್ಲಿರಿಸಿ, ಆ ದಿನವೇ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ಮನುಷ್ಯರ ಮಾತ್ರೆಯನ್ನು ಅರೆದು ಹಾಕುವುದಾಗಲಿ, ಬಲವಂತದಿಂದ ಬಾಯಿ ತೆರೆಸಿ ತಿನ್ನಿಸುವುದಾಗಲಿ ಸಲ್ಲದು. ರಸ್ತೆಯಲ್ಲಿ ಕಂಡದ್ದು ಗಟ್ಟಿಮುಟ್ಟಾಗಿದ್ದರೆ, ಕೋಲಿಗೆ ಹತ್ತಿಸಿ, ಅದು ಹೊರಟಿದ್ದ ಕಡೆಯ ಅಂಚಿನಲ್ಲಿ, ಪೊದೆಯ ಬುಡದಲ್ಲಿ ಇಳಿಸಿದರೆ ಸಾಕು. ಮುಟ್ಟಿದ್ದರೆ ಸಾಬೂನು ಹಚ್ಚಿ ಕೈ ತೊಳೆಯಬೇಕು, ಚಿಕ್ಕ ಮಕ್ಕಳಂತೂ ತಪ್ಪದೆ. ಸರೀಸೃಪಗಳ ಮೈಮೇಲೆ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರುವುದುಂಟು.