ಸರಸ್ವತೀ ಭಂಡಾರಿಗರೂ ಕಾರ್ಯಯೋಜನೆಯೂ

(ಹೂಲಿಯ ಒಬ್ಬ ವಿದ್ಯಾರ್ಥಿ, ಬಿ.ಎ. ಅಂತಿಮ ವರ್ಷ)

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಹಿಂದೆ ಒಂದು ಘಟಿಕಾಸ್ಥಾನವಿದ್ದಿತು. ಅದರ ವ್ಯವಸ್ಥೆಯನ್ನು ಕ್ರಿ.ಶ. 1058ರ ಶಾಸನವೊಂದು ವಿವರವಾಗಿ ಹೇಳುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು. ಅವರಿಗೆ ಕಲಿಸಲು ಆರು ಮಂದಿ ಉಪಾಧ್ಯಾಯರು. ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಇಂದಿನ ಮಾತಿನಲ್ಲಿ ಗ್ರಂಥಪಾಲರು. ಕಲಿಸುವವರೆಷ್ಟು ಮಂದಿಯೋ ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ ಮಂದಿ! ಇಂದು ಯಾವ ಕಾಲೇಜಿನಲ್ಲಾದರೂ ಈ ಲೆಕ್ಕ ಹೇಳಿದರೆ ಜನರು ನಕ್ಕಾರು.

ನಮ್ಮ ಹೂಲಿಯೂ ಅದೇ ಚಾಲುಕ್ಯರ ಕಾಲದ ದೊಡ್ಡ ಅಗ್ರಹಾರ. ಶಾಸನಗಳು ಅದನ್ನು ಪೂಲಿ ಎಂದು ಕರೆಯುತ್ತವೆ. ಅದು ಸಾಸಿರ್ವರು ಮಹಾಜನರ ಊರು. ಪಂಚಲಿಂಗೇಶ್ವರ ಗುಡಿಯನ್ನು ನೋಡಲು ಬಂದವರು ಕಲ್ಲಿನ ಕೆತ್ತನೆಯನ್ನು ಹೊಗಳಿ ಹೋಗುತ್ತಾರೆ. ನನಗಾದರೋ ಆ ಕಾಲದ ದಾನಶಾಸನಗಳ ಬರವಣಿಗೆಯೇ ಹೆಚ್ಚಿನ ಸೋಜಿಗ. ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಹುಟ್ಟುವಳಿ ಯಾವ ವೆಚ್ಚಕ್ಕೆ, ಮುರಿದುದನ್ನು ರಿಪೇರಿ ಮಾಡಿಸುವುದಕ್ಕೆ ಏನು ಗತಿ, ಧರ್ಮವನ್ನು ನಡೆಸಿಕೊಂಡು ಹೋಗುವವರು ಯಾರು, ಇವನ್ನೆಲ್ಲ ಮೊದಲೇ ಬರೆದಿಡುತ್ತಿದ್ದರು. ಇಂದಿನವರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ದೊಡ್ಡ ಹೆಸರಿಟ್ಟು ಕಲಿಸುವ ವಿದ್ಯೆಯ ಬೇರು ಇದೇ ಅಲ್ಲವೆ? ನಾವು ಅದನ್ನು ಕಾರ್ಯಯೋಜನೆ ಎನ್ನೋಣ. ಈ ವಿದ್ಯೆಯನ್ನು ಗ್ರಂಥಾಲಯದ ಸಿಬ್ಬಂದಿಗೆ ಕ್ರಮವಾಗಿ ಕಲಿಸಬೇಕೆಂಬುದೇ ಈ ಲೇಖನದ ವಾದ.

ಗ್ರಂಥಪಾಲರಿಗೆ ಇದೇಕೆ, ಪುಸ್ತಕ ಕೊಟ್ಟು ತೆಗೆದುಕೊಂಡರೆ ಸಾಲದೆ, ಎಂದು ಕೆಲವರು ಕೇಳಬಹುದು. ಸಾಲುತ್ತಿದ್ದ ಕಾಲವೊಂದಿತ್ತು. ಈಗ ಸ್ಥಿತಿ ಬೇರೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಕರ ಬಂದಿತು, ಇಲಾಖೆ ಬಂದಿತು. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. 2020ರಲ್ಲಿ 'ಓದುವ ಬೆಳಕು' ಅಭಿಯಾನ ನಡೆದು ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಇಂದು 5,000ಕ್ಕೂ ಮಿಕ್ಕಿ ಇರುವ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆನಿಸಿಕೊಂಡಿವೆ. ಕಂಪ್ಯೂಟರು, ಮಕ್ಕಳ ಮೂಲೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಎಲ್ಲವೂ ಒಂದರ ಹಿಂದೊಂದು ಬರುತ್ತಿವೆ. ಕಾಲೇಜುಗಳಲ್ಲಿ ಹಳೆಯ ದಾಖಲು ಪುಸ್ತಕವನ್ನು ಬಿಟ್ಟು 'ಇ-ಗ್ರಂಥಾಲಯ'ದಂಥ ತಂತ್ರಾಂಶಕ್ಕೆ ಹೋಗುವ ಕೆಲಸ. ಇವೆಲ್ಲವೂ ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲ. ಮೊದಲೂ ಕೊನೆಯೂ ಉಳ್ಳ, ಹಣವೂ ಅವಧಿಯೂ ಗೊತ್ತಾದ ಕೆಲಸಗಳು.

ಇಂಥ ಕೆಲಸ ಕೆಡುವ ರೀತಿಯನ್ನು ಒಂದು ಗ್ರಂಥಾಲಯದಲ್ಲಿ ಕಂಡಿದ್ದೇನೆ. ಹೆಸರು ಬೇಡ. ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತೇವೆಂದು ಎಲ್ಲವನ್ನೂ ಕಪಾಟಿನಿಂದ ಒಮ್ಮೆಲೆ ಇಳಿಸಿ ಗಂಟು ಕಟ್ಟಿದರು. ಅಂಟಿಸುವ ಚೀಟಿಗಳು ಇನ್ನೂ ಬಂದಿರಲಿಲ್ಲ. ಕಂಪ್ಯೂಟರು ಬಂದಾಗ ಆ ಕೋಣೆಯಲ್ಲಿ ವಿದ್ಯುತ್ ತಂತಿಯಿರಲಿಲ್ಲ. ಪರೀಕ್ಷೆ ಬಂದು ಹೋಯಿತು, ಗಂಟುಗಳು ಗಂಟುಗಳಾಗಿಯೇ ಉಳಿದುವು. ಅಲ್ಲಿಯ ಸಿಬ್ಬಂದಿ ಸೋಮಾರಿಗಳಲ್ಲ; ಸಂಜೆ ಕತ್ತಲಾಗುವವರೆಗೂ ದುಡಿಯುತ್ತಿದ್ದರು. ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ದುಡ್ಡಿದ್ದವರು ಪೇಟೆಯಿಂದ ಪುಸ್ತಕ ಕೊಂಡು ತಂದರು. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರ ಮನೆಯಲ್ಲಿ ಪುಸ್ತಕದ ಕಪಾಟು ಎಲ್ಲಿಯದು?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಗ್ರಂಥಾಲಯದಲ್ಲಿ 12,000 ಪುಸ್ತಕಗಳಿವೆ, ಒಬ್ಬರು ದಿನಕ್ಕೆ 60ನ್ನು ದಾಖಲಿಸಬಲ್ಲರು ಎಂದಿಟ್ಟುಕೊಳ್ಳಿ. ಮುಗಿಯಲು 200 ಕೆಲಸದ ದಿನ ಬೇಕು. ರಜೆಗಳನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ವರ್ಷವೇ. ಎರಡು ತಿಂಗಳಲ್ಲಿ ಮುಗಿಸಿ ಎಂದು ಮೇಲಿನಿಂದ ಕಾಗದ ಬಂದರೆ, ಅದು ಆಗದ ಮಾತೆಂದು ಲೆಕ್ಕ ತೋರಿಸಿ ಹೇಳುವ ಧೈರ್ಯ ಗ್ರಂಥಪಾಲರಿಗೆ ಬರುವುದು ಈ ವಿದ್ಯೆಯಿಂದಲೇ. ಇನ್ನೊಂದು ಮಾತು. ಆ 12,000ದಲ್ಲಿ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವುವು ಬಹುಶಃ 2,000. ಅವನ್ನು ಮೊದಲು ಕೈಗೆತ್ತಿಕೊಂಡರೆ 34 ದಿನಗಳಲ್ಲಿ ಮುಗಿದು ಹಂಚಿಕೆಗೆ ಸಿದ್ಧ. ಉಳಿದುವು ಕಪಾಟಿನಲ್ಲಿಯೇ ಇದ್ದು ತಮ್ಮ ಸರದಿ ಕಾಯಲಿ. ದುಡಿಮೆ ಅಷ್ಟೇ, ಅನುಕ್ರಮ ಮಾತ್ರ ಬೇರೆ.

ಇದು ಪರದೇಶದ ಗಿಳಿಪಾಠವೇನಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕಾರಖಾನೆಗಳವರೂ ನೌಕಾಪಡೆಯವರೂ ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುವುದೆಂದು ಕಂಡುಹಿಡಿಯುವ ನಕ್ಷೆಗಳನ್ನು ಹಾಕಿದರು, ನಿಜ. ಆದರೆ ಎರಿ ಹೊಲದ ರೈತನಿಗೆ ಇದು ಹೊಸದೆ? ಕುಂಟೆ ಹೊಡೆಯದೆ ಕೂರಿಗೆ ಹೂಡುವವನುಂಟೆ? ಹದ ತಪ್ಪಿದರೆ ಹಿಂಗಾರಿ ಜೋಳ ಕೈಗೆ ಬಂದೀತೆ? ಆಳುಗಳನ್ನು ಮುಂಚೆಯೇ ಹೇಳಿಡದವನ ಗತಿ ಏನು? ಬದುಕಿನಲ್ಲಿ ತಿಳಿದಿರುವುದನ್ನು ಕಚೇರಿಗೆ ಬಂದಾಗ ಮರೆಯುತ್ತೇವೆ, ಅಷ್ಟೆ.

ಗ್ರಂಥಾಲಯವೂ ತರಬೇತಿಯೂ ಜೊತೆಗೂಡಿಯೇ ನಡೆದ ಉದಾಹರಣೆಗಳು ನಮ್ಮ ದೇಶದಲ್ಲಿವೆ. ಬರೋಡೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ತಜ್ಞನನ್ನು ಕರೆಸಿಕೊಂಡರು. ಸಂಸ್ಥಾನದಲ್ಲಿ ಗ್ರಂಥಾಲಯಗಳನ್ನು ಕಟ್ಟುತ್ತಿರುವಾಗಲೇ 1911ರಲ್ಲಿ ತರಬೇತಿಯ ವರ್ಗವೂ ಆರಂಭವಾಯಿತು. ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಒಡನೆಯೇ ಲಂಡನ್ನಿಗೆ ಹೋಗಿ ಆ ವಿದ್ಯೆ ಕಲಿತು ಬಂದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸುವುದಕ್ಕೆ ಸಂಬಂಧಿಸಿದುದು. ಮೇಲೆ ಹೇಳಿದ ಗಂಟುಗಳನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ!

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ವಿಧಿಯಿಲ್ಲ. ತರಬೇತಿಯು ಖಾಲಿ ಹುದ್ದೆಗಳನ್ನು ತುಂಬದಿರಲು ನೆಪವಾಗಕೂಡದು. ಹತ್ತು ಮಂದಿಯ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ನಿನಗೆ ತರಬೇತಿ ಕೊಟ್ಟಿದ್ದೇವಲ್ಲಾ ಎಂದರೆ ಅದು ಅನ್ಯಾಯ. ಗೌರವಧನದ ಮೇಲೆ ದುಡಿಯುವ ಪಂಚಾಯಿತಿಯ ಮೇಲ್ವಿಚಾರಕರ ಮಟ್ಟಿಗಂತೂ ಇದನ್ನು ಮರೆಯಬಾರದು. ಒಬ್ಬಂಟಿಯಾಗಿ ದುಡಿಯುವವರಿಗೆ ಕಾರ್ಯಯೋಜನೆ ಏಕೆ ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಒಬ್ಬಂಟಿಯಾದುದರಿಂದಲೇ ಎಂಬುದು ನನ್ನ ಉತ್ತರ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು, ವಿದ್ಯುತ್ ಕೆಲಸದವರು, ಪುಸ್ತಕ ದಾನ ಮಾಡುವವರು, ಇವರೆಲ್ಲರಿಂದ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸಿಕೊಳ್ಳಬೇಕಾದುದು ಅವರೇ. ಇವರಲ್ಲಿ ಯಾರೂ ಅವರ ಕೈಕೆಳಗಿನವರಲ್ಲ.

ಹಾಗಾದರೆ ಮಾಡಬೇಕಾದುದೇನು? ಪಂಚಾಯಿತಿಗಳವರಿಗೆ ತರಬೇತಿ ಕೊಡಲೆಂದೇ ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿದೆ. ಅಲ್ಲಿಯ ಪಾಠಕ್ರಮದಲ್ಲಿ ಗ್ರಂಥಾಲಯದವರ ಕಾರ್ಯಯೋಜನೆಗೆ ನಾಲ್ಕು ದಿನ ಮೀಸಲಿರಲಿ. ತಾಲೂಕಿನ ಊರಿನಲ್ಲಿಯೇ ನಡೆದರೆ ಇನ್ನೂ ಒಳ್ಳೆಯದು. ಉಪನ್ಯಾಸಗಳು ಕಡಿಮೆಯಿರಲಿ. ಪ್ರತಿಯೊಬ್ಬರೂ ತಮ್ಮ ಗ್ರಂಥಾಲಯದ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ದಿನ, ಹಣ, ಜನ, ಅನುಕ್ರಮ ಇವನ್ನು ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಲಿ. ಆರು ತಿಂಗಳಾದ ಮೇಲೆ ಅದೇ ಹಾಳೆಯೊಡನೆ ಮತ್ತೆ ಸೇರಲಿ. ಕಾಲೇಜು ಗ್ರಂಥಾಲಯಗಳಲ್ಲಿ ಪುಸ್ತಕ ತಾಳೆ ನೋಡುವ ಕೆಲಸವನ್ನು ಪರೀಕ್ಷೆಯ ಮುಂಚೆ ಇಡದೆ ಬೇಸಗೆಯ ರಜೆಯಲ್ಲಿಡಲಿ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಹತ್ತು ಮಂದಿ ಹತ್ತು ದಿನ ಬಂದರೆ ಗಂಟು ಬಿಚ್ಚಿ ಚೀಟಿ ಅಂಟಿಸುವುದು ಎಷ್ಟರ ಕೆಲಸ? ಆದರೆ ಆ ಹತ್ತು ಮಂದಿಗೆ ಮೊದಲನೆಯ ದಿನ ಬೆಳಿಗ್ಗೆ ಏನು ಕೆಲಸ ಕೊಡಬೇಕೆಂಬುದು ಗ್ರಂಥಪಾಲರ ಹಾಳೆಯಲ್ಲಿ ಅದಕ್ಕೆ ಮುಂಚೆಯೇ ಬರೆದಿರಬೇಕು.